ಜಪಾನಿ ಮೂಲದ ಅಮೆರಿಕನ್ನರು ಎದುರು ನಿಲ್ಲಲಿಲ್ಲವೇ?

ಪ್ರಶ್ನೆ: ನನ್ನ ಮೊಮ್ಮಗಳು ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಓದುತ್ತಿದ್ದಾಳೆ. ಎರಡನೇ ಮಹಾಯುದ್ಧದ ವೇಳೆ ಅಲ್ಲಿನ ಜಪಾನಿ ಮೂಲದವರನ್ನೆಲ್ಲ ಮನೆ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿದ್ದರೆಂದು ಅವಳಿಗೆ ಪಾಠವಿತ್ತಂತೆ. "ಅಷ್ಟು ಜನ ಸುಮ್ಮನೆ ಯಾಕ ಹೋದರು ಅಜ್ಜಾ?" ಎಂದು ಕೇಳಿದಳು. ನನಗೆ ಉತ್ತರ ತಿಳಿಯಲಿಲ್ಲ. ಯಾರೂ ಪ್ರತಿಭಟಿಸಲಿಲ್ಲವೇ? ಪ್ರತಿಭಟಿಸಿದ್ದರೆ ಅದರಿಂದ ಏನಾದರೂ ಆಯಿತೇ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಪ್ರತಿಭಟಿಸಿದರು. ಆದರೆ ಬೀದಿ ತುಂಬಿದ ಮೆರವಣಿಗೆಯಾಗಿ ಅಲ್ಲ. ಒಬ್ಬೊಬ್ಬರಾಗಿ, ಬಹುಪಾಲು ಒಂಟಿಯಾಗಿ. ಅದಕ್ಕೇ ಆ ಕಥೆ ಪಾಠಗಳಲ್ಲಿ ಮರೆಯಾಗಿಬಿಡುತ್ತದೆ.

1941ರ ಡಿಸೆಂಬರ್ 7ರಂದು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್, ಆಯ್ದ ಪ್ರದೇಶಗಳಿಂದ ಯಾರನ್ನಾದರೂ ಹೊರಹಾಕಲು ಸೇನೆಗೆ ಅಧಿಕಾರ ಕೊಡುವ 9066ನೇ ಆದೇಶಕ್ಕೆ ಸಹಿ ಹಾಕಿದರು. ಆದೇಶದಲ್ಲಿ ಜಪಾನಿಯರ ಹೆಸರೇ ಇರಲಿಲ್ಲ, ಆದರೆ ಪಶ್ಚಿಮ ಕರಾವಳಿಯಿಂದ ಸಾಮೂಹಿಕವಾಗಿ ಹೊರಹಾಕಿದ್ದು ಅವರನ್ನೇ. ಸುಮಾರು 1,20,000 ಮಂದಿ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಆರೋಪವಿಲ್ಲ, ವಿಚಾರಣೆಯಿಲ್ಲ. ಕೈಯಲ್ಲಿ ಹೊತ್ತೊಯ್ಯುವಷ್ಟು ಸಾಮಾನು ಮಾತ್ರ. ಎಷ್ಟೋ ಕುಟುಂಬಗಳು ಅಂಗಡಿ, ಟ್ರ್ಯಾಕ್ಟರುಗಳನ್ನು ಬಂದಷ್ಟು ಬೆಲೆಗೆ ಮಾರಿ ಹೊರಟವು. ಸ್ಯಾಂಟಾ ಅನಿಟಾ, ಟ್ಯಾನ್‌ಫೊರಾನ್ ರೇಸ್‌ಕೋರ್ಸುಗಳ ಕುದುರೆ ಲಾಯಗಳಲ್ಲಿ ಮಕ್ಕಳು ಮುದುಕರೆಲ್ಲ ತಿಂಗಳುಗಟ್ಟಲೆ ಮಲಗಿದರು.

ಹೆಚ್ಚಿನವರು ಯಾಕೆ ಎದುರಾಡಲಿಲ್ಲ? ಮಾತಾಡಬಲ್ಲ ಹಿರಿಯರನ್ನು, ಪರ್ಲ್ ಹಾರ್ಬರ್ ದಾಳಿಯಾದ ಕೆಲವೇ ದಿನಗಳಲ್ಲಿ, ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಹಿಡಿದೊಯ್ದಿತ್ತು. ಜಪಾನಿನಿಂದ ವಲಸೆ ಬಂದ ಆ ತಲೆಮಾರಿಗೆ ಪೌರತ್ವ ಪಡೆಯಲು ಅಮೆರಿಕದ ಕಾನೂನೇ ಬಿಡುತ್ತಿರಲಿಲ್ಲ. ಸೇನೆಯ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಎಂಬ ಕಾನೂನು ಮಾರ್ಚ್‌ನಲ್ಲೇ ಬಂತು. ಸಮುದಾಯದ ಪ್ರಮುಖ ಸಂಘಟನೆಯಾದ ಜಪಾನೀಸ್ ಅಮೆರಿಕನ್ ಸಿಟಿಜನ್ಸ್ ಲೀಗ್ ಕೂಡ, ಸಹಕರಿಸಿ ನಿಷ್ಠೆ ತೋರಿಸೋಣ ಎಂದಿತು. ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಂದೂಕಿನೆದುರು ಸಾಲಲ್ಲಿ ನಿಂತವರನ್ನು ಹೇಡಿಗಳೆನ್ನಲು ನನಗಂತೂ ಮನಸ್ಸು ಬಾರದು.

ಇಷ್ಟರ ನಡುವೆಯೂ ಮಿನೋರು ಯಾಸುಯಿ ಎಂಬ ತರುಣ ವಕೀಲ, 1942ರ ಮಾರ್ಚ್ 28ರ ರಾತ್ರಿ, ಪೋರ್ಟ್‌ಲ್ಯಾಂಡ್ ನಗರದಲ್ಲಿ, ಜಪಾನಿ ಮೂಲದವರ ಮೇಲೆ ಸೇನೆ ಹೇರಿದ್ದ ರಾತ್ರಿ ಕರ್ಫ್ಯೂವನ್ನು ಬೇಕೆಂದೇ ಮುರಿದು ಓಡಾಡಿದರು. ದಾರಿಯಲ್ಲಿ ಸಿಕ್ಕ ಪೊಲೀಸ್ ಬಂಧಿಸಲಿಲ್ಲ, ಮನೆಗೆ ಹೋಗೆಂದ. ಯಾಸುಯಿ ತಾವೇ ಠಾಣೆಗೆ ಹೋಗಿ ಬಂಧನ ಕೇಳಿ ಪಡೆದರು. ಒಂಬತ್ತು ತಿಂಗಳು ಒಂಟಿ ಕೋಣೆಯ ಸೆರೆ ಅನುಭವಿಸಿದರು. ಸಿಯಾಟಲ್‌ನ ವಿದ್ಯಾರ್ಥಿ, ಕ್ವೇಕರ್ ಎಂಬ ಯುದ್ಧವಿರೋಧಿ ಕ್ರೈಸ್ತ ಪಂಥದ ಗಾರ್ಡನ್ ಹಿರಾಬಯಾಶಿ, ಯಾಕೆ ಆದೇಶ ಪಾಲಿಸುವುದಿಲ್ಲವೆಂದು ಹೇಳಿಕೆ ಬರೆದುಕೊಂಡು ಎಫ್‌ಬಿಐ ಕಚೇರಿಗೇ ಹೋದರು. ಶಿಕ್ಷೆ ಅನುಭವಿಸಲು ಅರಿಜೋನಾದ ಬಂದಿಶಿಬಿರಕ್ಕೆ ಕರೆದೊಯ್ಯಲು ಸರ್ಕಾರ ಖರ್ಚು ಕೊಡದಿದ್ದಾಗ, ಸಿಕ್ಕಸಿಕ್ಕ ವಾಹನಗಳಿಗೆ ಕೈ ಅಡ್ಡ ಹಿಡಿದು ತಾವೇ ಅಲ್ಲಿಗೆ ತಲುಪಿದರು!

ವೆಲ್ಡರ್ ಕೆಲಸದ ಫ್ರೆಡ್ ಕೊರೆಮಾಟ್ಸು ಅವರದು ಬೇರೆ ಬಗೆ. ಅವರು ಹೊರಟದ್ದು ಹೋರಾಟಕ್ಕಲ್ಲ. ಪ್ರೀತಿಸಿದ ಹುಡುಗಿಯನ್ನು ಬಿಟ್ಟು ಹೋಗಲಾರದೆ ಹೆಸರು ಬದಲಿಸಿಕೊಂಡು ಉಳಿದಿದ್ದರು. ಸಿಕ್ಕಿಬಿದ್ದು ಜೈಲು ಸೇರಿದ ಮೇಲೆ, ಮೊಕದ್ದಮೆ ಹೂಡೋಣವೇ ಎಂದು ವಕೀಲರು ಕೇಳಿದಾಗ ಒಪ್ಪಿದರು. ಆ ಒಪ್ಪಿಗೆ ಸಣ್ಣದಲ್ಲ.

ಇವರೆಲ್ಲರಲ್ಲಿ ನಾನು ಮೊದಲು ನೆನೆಯುವ ಹೆಸರು ಮಿಟ್ಸುಯೆ ಎಂಡೊ. ಕ್ಯಾಲಿಫೋರ್ನಿಯಾ ಸರ್ಕಾರದ ಗುಮಾಸ್ತೆಯಾಗಿದ್ದರು. ಅವರ ಸಹೋದರ ಅಮೆರಿಕದ ಸೇನೆಯಲ್ಲಿದ್ದ. ಎಂಡೊ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿ (ಬಂಧನ ಕಾನೂನುಬದ್ಧವೇ ಎಂದು ಕೋರ್ಟು ಪರಿಶೀಲಿಸಲು ಕೋರುವ ಅರ್ಜಿ) ಹೋದಾಗ ಸರ್ಕಾರ ಒಂದು ಆಮಿಷ ಒಡ್ಡಿತು: ಕರಾವಳಿಗೆ ಮರಳುವುದಿಲ್ಲವೆಂದರೆ ಈಗಲೇ ಬಿಡುಗಡೆ. ಹೊರಬಂದಿದ್ದರೆ ಮೊಕದ್ದಮೆ ಅಲ್ಲಿಗೇ ಮುಗಿಯುವ ಅಪಾಯವಿತ್ತು. ಎಂಡೊ ಒಪ್ಪಲಿಲ್ಲ. ಎಲ್ಲರಿಗಾಗಿ ಮುಳ್ಳುತಂತಿಯ ಒಳಗೇ ಉಳಿದರು.

1944ರಲ್ಲಿ ಶಿಬಿರದ ಯುವಕರಿಗೂ ಕಡ್ಡಾಯವಾಗಿ ಸೇನೆ ಸೇರುವಂತೆ ಕರೆ ಬಂತು. ವ್ಯೋಮಿಂಗ್‌ನ ಹಾರ್ಟ್ ಮೌಂಟನ್ ಶಿಬಿರದ 63 ಮಂದಿ, ಮೊದಲು ನಮ್ಮ ಹಕ್ಕು ಮರಳಿಸಿ, ಆಮೇಲೆ ಬರುತ್ತೇವೆ ಎಂದರು. ಒಂದೇ ವಿಚಾರಣೆಯಲ್ಲಿ ಎಲ್ಲರಿಗೂ ಮೂರು ವರ್ಷ ಜೈಲಾಯಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ಕ್ಷಮಾದಾನ ಕೊಟ್ಟರು.

ಇನ್ನು ಫಲದ ಮಾತು. 1943ರಲ್ಲಿ ಯಾಸುಯಿ, ಹಿರಾಬಯಾಶಿ ಮೊಕದ್ದಮೆಗಳಲ್ಲಿ ಸುಪ್ರೀಂ ಕೋರ್ಟ್ ಕರ್ಫ್ಯೂವನ್ನು ಒಮ್ಮತದಿಂದ ಎತ್ತಿಹಿಡಿಯಿತು. 1944ರ ಡಿಸೆಂಬರ್ 18ರಂದು, ಕರಾವಳಿಯಿಂದ ಹೊರಹಾಕಿದ್ದರ ವಿರುದ್ಧದ ಮೊಕದ್ದಮೆಯಲ್ಲಿ ಕೊರೆಮಾಟ್ಸು 6–3ರಿಂದ ಸೋತರು. ಅದೇ ದಿನ ಎಂಡೊ ಗೆದ್ದರು: ನಿಷ್ಠೆಯ ಬಗ್ಗೆ ಶಂಕೆಯಿಲ್ಲದ ಪ್ರಜೆಯನ್ನು ಹಿಡಿದಿಡುವಂತಿಲ್ಲವೆಂದು ನ್ಯಾಯಮೂರ್ತಿಗಳೆಲ್ಲ ಒಪ್ಪಿದರು. ತೀರ್ಪಿನ ಸುಳಿವರಿತ ಸರ್ಕಾರ ಹಿಂದಿನ ದಿನವೇ ಕರಾವಳಿಯ ನಿರ್ಬಂಧ ತೆರವು ಘೋಷಿಸಿತ್ತು. ಶಿಬಿರದ ಬಾಗಿಲು ತೆರೆದದ್ದರಲ್ಲಿ ಆ ಹೆಣ್ಣುಮಗಳ ಹಟದ ಪಾಲು ದೊಡ್ಡದು.

ಸೋತವರಿಗೂ ನ್ಯಾಯ ಸಿಕ್ಕಿತು, ನಲವತ್ತು ವರ್ಷ ತಡವಾಗಿ. ಎಳೆಯ ವಯಸ್ಸಿನಲ್ಲಿ ತಾವೇ ಶಿಬಿರವಾಸಿಯಾಗಿದ್ದ ಐಕೊ ಹರ್ಜಿಗ್-ಯೋಶಿನಾಗ ಮತ್ತು ಸಂಶೋಧಕ ಪೀಟರ್ ಐರನ್ಸ್ ಸರ್ಕಾರಿ ಕಡತಗಳನ್ನು ಜಾಲಾಡಿದರು. ಸೇನೆಯ ಆಪಾದನೆಗಳನ್ನು ಅಲ್ಲಗಳೆಯುವ ಸರ್ಕಾರದ್ದೇ ವರದಿಗಳನ್ನು ಕೋರ್ಟಿನಿಂದ ಮರೆಮಾಚಿದ್ದು ಬಯಲಾಯಿತು. 1983ರಲ್ಲಿ ನ್ಯಾಯಾಧೀಶೆ ಮೆರಿಲಿನ್ ಹಾಲ್ ಪಟೇಲ್ ಕೊರೆಮಾಟ್ಸು ಮೇಲಿನ ಶಿಕ್ಷೆಯನ್ನು ರದ್ದು ಮಾಡಿದರು. 1988ರ ಕಾಯ್ದೆಯಲ್ಲಿ ದೇಶ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೆ 20,000 ಡಾಲರ್ ಕೊಟ್ಟಿತು. ಅಷ್ಟರಲ್ಲಿ ಹಿರಿಯರು ಬಹಳ ಮಂದಿ ತೀರಿಹೋಗಿದ್ದರು.

ನಿಮ್ಮ ಮೊಮ್ಮಗಳಿಗೆ ಎಂಡೊ ಕಥೆಯಿಂದಲೇ ಆರಂಭಿಸಿ ಹೇಳಿ. ಕ್ಯಾಲಿಫೋರ್ನಿಯಾದಲ್ಲಿ ಜನವರಿ 30 ಕೊರೆಮಾಟ್ಸು ದಿನ. ಅದೇ ರಾಜ್ಯದ ಮಾಂಜನಾರ್ ಶಿಬಿರ ಈಗ ರಾಷ್ಟ್ರೀಯ ಐತಿಹಾಸಿಕ ತಾಣ. ಸಾಧ್ಯವಾದರೆ ಅವಳು ಅಲ್ಲಿಗೆ ಹೋಗಿ ಬರಲಿ.