101 ಗೋಲು ಸರಿ, ಉಳಿದ ಹತ್ತು ಮಂದಿ ಎಲ್ಲಿ?

ನಮಸ್ಕಾರ.

ನೀವು ಕಳಿಸಿದ ‘ವಯಸ್ಸಾದ ತಾರೆಗೆ ಕೋಟಿ ಸುರಿಯಬೇಕೇ?’ ಲೇಖನ ಓದಿದೆ. ಬದಿಗಿಟ್ಟು ಮತ್ತೆ ಓದಿದೆ. ನಿಮ್ಮ ಭಾಷೆ ಸಲೀಸಾಗಿದೆ. ಕಾಗುಣಿತ ಸರಿಯಿದೆ. 2019ರ ಮಾರ್ಚ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ಎದುರು ರೊನಾಲ್ಡೊ ಮೂರು ಗೋಲು ಹೊಡೆದ ರಾತ್ರಿಯ ಪ್ಯಾರಾ ಓದಿಸಿಕೊಂಡು ಹೋಗುತ್ತದೆ. ಹೊಗಳಿಕೆ ಇಷ್ಟಕ್ಕೇ ನಿಲ್ಲಿಸುತ್ತೇನೆ. ಯಾಕೆಂದರೆ ಲೇಖನದ ಎರಡು ಜಾಗ ನನಗೆ ನಿಜಕ್ಕೂ ಸಿಟ್ಟು ತರಿಸಿವೆ. ಅವು ಹಾಗೇ ಇರುವಾಗ ಇದನ್ನು ಪ್ರಕಟಿಸಲಾರೆ.

ಈ ಅಂಕಣ ಓದುವ ಉಳಿದವರಿಗಾಗಿ ಲೇಖನದ ವಿಷಯ ಹೇಳಿಬಿಡುತ್ತೇನೆ. 2018ರ ಜುಲೈನಲ್ಲಿ ಇಟಲಿಯ ಫುಟ್‌ಬಾಲ್ ಕ್ಲಬ್ ಯುವೆಂಟಸ್ 33 ವರ್ಷದ ಕ್ರಿಸ್ಟಿಯಾನೊ ರೊನಾಲ್ಡೊ ಅವರನ್ನು ರಿಯಲ್ ಮ್ಯಾಡ್ರಿಡ್‌ನಿಂದ ಕೊಂಡಿತು. ಬೆಲೆ 10 ಕೋಟಿ ಯುರೋ. ಇತರ ಖರ್ಚು ಸೇರಿ 11.2 ಕೋಟಿ. ಒಪ್ಪಂದ ನಾಲ್ಕು ವರ್ಷದ್ದು, ಅವರು ಇದ್ದದ್ದು ಮೂರು ವರ್ಷ. ಇದು ಸರಿಯಾದ ವ್ಯಾಪಾರವೇ ಎಂದು ಲೇಖಕರು ಕೇಳುತ್ತಾರೆ. ಮೊದಲು ಹೌದು ಅನ್ನುತ್ತಾರೆ, ಆಮೇಲೆ ಇಲ್ಲ ಅನ್ನುತ್ತಾರೆ, ಕೊನೆಗೆ ಎದ್ದು ಹೋಗುತ್ತಾರೆ.

ಮೊದಲು ಆ ‘ಹೌದು’ ನೋಡೋಣ. ನಿಮ್ಮ ಎರಡನೇ ಪುಟದ ಸಾಲು ಇದು: “ಮೂರು ವರ್ಷದಲ್ಲಿ 134 ಪಂದ್ಯ, 101 ಗೋಲು. ಕೊಟ್ಟ ದುಡ್ಡಿಗೆ ಇನ್ನೇನು ಬೇಕು?”

ಬೇಕಾದದ್ದು ಬಹಳ ಇದೆ. ಯುವೆಂಟಸ್ ಅವರನ್ನು ಕೊಂಡದ್ದು ಇಟಲಿಯ ಲೀಗ್ ಗೆಲ್ಲುವುದಕ್ಕಲ್ಲ. ಸೆರಿ ಎ ಎಂಬ ಆ ಲೀಗನ್ನು ಕ್ಲಬ್ ಆಗಲೇ ಸತತ ಏಳು ಸಲ ಗೆದ್ದಿತ್ತು. ಯುರೋಪಿನ ದೊಡ್ಡ ಕ್ಲಬ್‌ಗಳು ಸೆಣಸುವ ಚಾಂಪಿಯನ್ಸ್ ಲೀಗ್‌ನಲ್ಲಿ 2015 ಮತ್ತು 2017ರಲ್ಲಿ ಫೈನಲ್ ತಲುಪಿ ಸೋತಿತ್ತು. ಅವರಿಗೆ ಬೇಕಿದ್ದದ್ದು ಆ ಒಂದು ಕಪ್. ಈ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಕೊಂಡದ್ದು ಯಾಕೆ ಅಂತ ಹೇಳದೆ, ಕೊಂಡದ್ದು ಲಾಭವೋ ನಷ್ಟವೋ ಅಂತ ಹೇಗೆ ಹೇಳುತ್ತೀರಿ?

ಮುಂದಿನ ಸಾಲು: “ತಂಡಕ್ಕೆ ಗೋಲುಗಳ ಹೊಳೆಯನ್ನೇ ಹರಿಸಿದರು.” ಇಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟು ಅಂಕಿಗಳನ್ನು ತೆಗೆದೆ. ರೊನಾಲ್ಡೊ ಬರುವ ಹಿಂದಿನ ಸೀಸನ್‌ನಲ್ಲಿ, ಅಂದರೆ 2017-18ರಲ್ಲಿ, ಯುವೆಂಟಸ್ ಲೀಗ್‌ನಲ್ಲಿ ಹೊಡೆದದ್ದು 86 ಗೋಲು. ಅವರು ಬಂದ ಮೇಲೆ 70, ಆಮೇಲೆ 76, ಆಮೇಲೆ 77. ಅವರಿದ್ದ ಒಂದು ವರ್ಷವೂ ತಂಡ ಹಳೆಯ 86 ಮುಟ್ಟಲಿಲ್ಲ. ಪಾಯಿಂಟ್ ನೋಡಿ: 95 ಇದ್ದದ್ದು 90 ಆಯಿತು, 83 ಆಯಿತು, 78 ಆಯಿತು. ಮೂರನೇ ವರ್ಷ ಯುವೆಂಟಸ್ ನಾಲ್ಕನೇ ಸ್ಥಾನದಲ್ಲಿತ್ತು. ಲೀಗ್‌ನಲ್ಲಿ ರೊನಾಲ್ಡೊ ಹೊಡೆದದ್ದು 21, 31, 29. ಅಂದರೆ ಅವರ ಗೋಲು ಜಾಸ್ತಿಯಾಯಿತು, ಉಳಿದವರದ್ದು ಕಮ್ಮಿಯಾಯಿತು. ಹೊಳೆ ಹರಿಯಿತು ಅನ್ನುವುದು ಸುಳ್ಳು.

ಅದರ ಕೆಳಗಿನ ಸಾಲು ಇನ್ನೂ ಹೆಚ್ಚು ಕಾಡಿತು: “ಚಾಂಪಿಯನ್ಸ್ ಲೀಗ್‌ನಲ್ಲಿ ಮಾತ್ರ ಅದೃಷ್ಟ ಕೈಕೊಟ್ಟಿತು.” ಮೂರು ವರ್ಷವೂ ಅದೃಷ್ಟವೇ ಕೈಕೊಟ್ಟಿತಾ? 2019ರಲ್ಲಿ ಅಯಾಕ್ಸ್ ಎದುರು ಎರಡು ಪಂದ್ಯ ಸೇರಿ ಯುವೆಂಟಸ್ ಹೊಡೆದದ್ದು ಎರಡೇ ಗೋಲು. ಎರಡೂ ರೊನಾಲ್ಡೊ ಅವರದ್ದು. ತಂಡ ಹೊರಬಿತ್ತು. 2020ರಲ್ಲಿ ಲಿಯಾನ್ ಎದುರು ಎರಡು ಗೋಲು, ಎರಡೂ ಅವರದ್ದೇ. ಆಗಲೂ ತಂಡ ಹೊರಗೆ. 2021ರಲ್ಲಿ ಪೋರ್ಟೊ ಎದುರು ನಾಲ್ಕು ಗೋಲು, ಅವುಗಳಲ್ಲಿ ಮೂರು 23 ವರ್ಷದ ಫೆಡೆರಿಕೊ ಕಿಯೇಸ ಅವರದ್ದು. ರೊನಾಲ್ಡೊ ಅವರದ್ದು ಒಂದೂ ಇಲ್ಲ. ಎರಡನೇ ಪಂದ್ಯದಲ್ಲಿ 54ನೇ ನಿಮಿಷದಿಂದ ಪೋರ್ಟೊ ಹತ್ತೇ ಜನರೊಂದಿಗೆ ಆಡಿತು. ಆದರೂ ಹೆಚ್ಚುವರಿ ಸಮಯದಲ್ಲಿ ಪೋರ್ಟೊದ ಸೆರ್ಜಿಯೊ ಒಲಿವೇರಾ ಅವರ ಫ್ರೀ ಕಿಕ್, ಅದನ್ನು ತಡೆಯಲು ಯುವೆಂಟಸ್ ಆಟಗಾರರು ಸಾಲಾಗಿ ನಿಂತು ಕಟ್ಟಿದ ಗೋಡೆ ದಾಟಿ ಒಳಗೆ ಹೋಯಿತು. ಆ ಗೋಡೆಯಲ್ಲಿ ಬೆನ್ನು ತಿರುಗಿಸಿ ನಿಂತವರಲ್ಲಿ ರೊನಾಲ್ಡೊ ಒಬ್ಬರು. ಚೆಂಡು ಹೋದದ್ದು ಅವರ ಕಾಲ ನಡುವಿನಿಂದ.

ಇದನ್ನು ಅವರನ್ನು ಹೀಗಳೆಯಲು ಬರೆಯುತ್ತಿಲ್ಲ. ಆ ಮೂರು ಸೋಲುಗಳನ್ನು ಪಕ್ಕಪಕ್ಕ ಇಟ್ಟಿದ್ದರೆ ನಿಮ್ಮ ಲೇಖನವೇ ಬೇರೆ ಆಗುತ್ತಿತ್ತು. ಎರಡು ಸಲ ಅವರೊಬ್ಬರೇ ಗೋಲು ಹೊಡೆದರು, ತಂಡ ಸೋತಿತು. ಒಂದು ಸಲ ಬೇರೆಯವರು ಹೊಡೆದರು, ಆಗಲೂ ಸೋತಿತು. ಇದನ್ನು ನೋಡಿದ ಓದುಗ ಕೇಳುವುದು ಒಂದೇ: ಹಾಗಾದರೆ ಕೆಟ್ಟದ್ದು ಎಲ್ಲಿ? ಆ ಪ್ರಶ್ನೆ ಹುಟ್ಟುವ ಜಾಗದಲ್ಲಿ ನೀವು ‘ಅದೃಷ್ಟ’ ಅಂತ ಬರೆದು ಬಾಗಿಲು ಹಾಕಿಬಿಟ್ಟಿರಿ.

ಇಲ್ಲಿ ನನ್ನ ಕಲಿಕೆಯ ದಿನಗಳು ನೆನಪಾದವು. ಕ್ರೀಡಾ ಪುಟಕ್ಕೆ ಹೊಸದಾಗಿ ಸೇರಿದ್ದೆ. ನಮ್ಮ ಡೆಸ್ಕ್ ಮುಖ್ಯಸ್ಥರು ಕಡಿಮೆ ಮಾತಿನವರು. ಹೆಸರಾಂತ ಸ್ಟ್ರೈಕರ್ ಒಬ್ಬ ಎರಡು ಗೋಲು ಹೊಡೆದ ಪಂದ್ಯದ ವರದಿ ಬರೆದು ಕೊಟ್ಟಿದ್ದೆ. ಅವರು ಓದಿ, “ಸ್ಕೋರು ನನಗೂ ಗೊತ್ತಮ್ಮ. ಆಟ ಏನಾಯ್ತು ಹೇಳು” ಅಂದರು. ಪಂದ್ಯದ ಕ್ಯಾಸೆಟ್ ಕೈಗಿಟ್ಟು, ಚೆಂಡಿನ ಕಡೆ ನೋಡಲೇಬೇಡ, ಆ ಸ್ಟ್ರೈಕರ್ ಇರುವ ಬದಿಯ ಲೆಫ್ಟ್ ಬ್ಯಾಕ್, ಅಂದರೆ ಹಿಂದೆ ಎಡಬದಿ ಕಾಯುವವನು, ಅವನೊಬ್ಬನನ್ನೇ ನೋಡು ಅಂದರು.

ನೋಡಿದೆ. ಚೆಂಡು ಎದುರಾಳಿಯ ಕೈಸೇರಿದ ಕೂಡಲೇ ನಮ್ಮ ತಾರೆ ನಡೆಯುತ್ತಾ ಹಿಂದೆ ಬರುತ್ತಿದ್ದ. ಅವನು ಬಿಟ್ಟ ಜಾಗಕ್ಕೆ ಎದುರಾಳಿ ಡಿಫೆಂಡರ್ ನುಗ್ಗುತ್ತಿದ್ದ. ಆಗ ಲೆಫ್ಟ್ ಬ್ಯಾಕ್ ಒಬ್ಬನಿಗೆ ಇಬ್ಬರು ಎದುರು. ಅವನ ಸಹಾಯಕ್ಕೆ ಮಿಡ್‌ಫೀಲ್ಡರ್ ಓಡಿ ಬರುತ್ತಿದ್ದ. ಅವನು ಬಂದಾಗ ಮೈದಾನದ ನಡುವೆ ಜಾಗ ಖಾಲಿ. ಒಬ್ಬನ ನಡಿಗೆಗೆ ಮೂರು ಜನ ಓಡಬೇಕಾಗುತ್ತಿತ್ತು. ಎಪ್ಪತ್ತನೇ ನಿಮಿಷದ ಹೊತ್ತಿಗೆ ಆ ಲೆಫ್ಟ್ ಬ್ಯಾಕ್ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ಅಲ್ಲಿಯವರೆಗೆ ನಾನು ಅಂಥದ್ದನ್ನು ನೋಡಿಯೇ ಇರಲಿಲ್ಲ. ಅವತ್ತು ಮನೆಗೆ ಹೋಗಲು ಮನಸ್ಸೇ ಬರಲಿಲ್ಲ. ಇನ್ನೊಂದು ಕ್ಯಾಸೆಟ್ ಕೇಳಿ ತೆಗೆದುಕೊಂಡೆ.

ವಯಸ್ಸಾದ ಫಾರ್ವರ್ಡ್ ಮೊದಲು ಕಳೆದುಕೊಳ್ಳುವುದು ಗೋಲು ಹೊಡೆಯುವ ಕಲೆಯನ್ನಲ್ಲ. ಅದು ಕಾಲಿಗಿಂತ ಕಣ್ಣಿನಲ್ಲಿ, ಅಂದಾಜಿನಲ್ಲಿ ಇರುತ್ತದೆ. ಮೊದಲು ಹೋಗುವುದು ಒಂದು ಜೋರು ಓಟದ ಬೆನ್ನಿಗೇ ಇನ್ನೊಂದು ಓಡುವ ತಾಕತ್ತು. ಅದಕ್ಕೇ ಅವನು ಗೋಲಿನ ಹತ್ತಿರ ಹತ್ತಿರ ಬರುತ್ತಾ ಹೋಗುತ್ತಾನೆ. ಗೋಲು ಮುಂಚಿನ ಹಾಗೇ ಬೀಳುತ್ತಿರುತ್ತದೆ. ಬೆಲೆ ತೆರುವವರು ಹಿಂದೆ ಇರುವವರು. ಲೇಖನದಲ್ಲಿ ನೀವು ‘ಮುಳುಗುವ ಸೂರ್ಯ’, ‘ಸೋತ ಕಾಲುಗಳು’, ‘ಬಾಡುತ್ತಿರುವ ಹೂವು’ ಅಂತೆಲ್ಲ ಬರೆದಿದ್ದೀರಿ. ಮೂರನ್ನೂ ತೆಗೆಯಿರಿ. ಆ ಜಾಗದಲ್ಲಿ ಒಬ್ಬ ಲೆಫ್ಟ್ ಬ್ಯಾಕ್‌ನನ್ನು ತನ್ನಿ.

ದುಡ್ಡಿನ ಪ್ಯಾರಾಗೂ ಸ್ವಲ್ಪ ಬರುತ್ತೇನೆ, ಅದೂ ಇದೇ ಕಾಯಿಲೆಯದ್ದು. “ಜೆರ್ಸಿ ಮಾರಿಯೇ ಹಾಕಿದ ದುಡ್ಡು ವಾಪಸ್ ಬಂತು” ಅಂತ ಬರೆದಿದ್ದೀರಿ. ಎಲ್ಲರೂ ಹೇಳುವ ಮಾತು ಇದು, ನಿಜ ಅಲ್ಲ. ಜೆರ್ಸಿ ಮಾರಿದ ದುಡ್ಡಿನಲ್ಲಿ ದೊಡ್ಡ ಪಾಲು ತಯಾರಿಸುವ ಕಂಪನಿಗೂ ಅಂಗಡಿಗೂ ಹೋಗುತ್ತದೆ. ಕ್ಲಬ್‌ಗೆ ಬರುವುದು ಮುಖ್ಯವಾಗಿ ವರ್ಷಕ್ಕಿಷ್ಟು ಅಂತ ಮೊದಲೇ ಗೊತ್ತಾದ ಮೊತ್ತ, ಮೇಲೆ ಒಂದು ಸಣ್ಣ ಪಾಲು. ನಿಮ್ಮ ಪರವಾಗಿ ಇದಕ್ಕಿಂತ ಗಟ್ಟಿ ಮಾತು ಇತ್ತು, ಅದನ್ನು ನೀವು ನೋಡಲಿಲ್ಲ. ರೊನಾಲ್ಡೊ ಬಂದ ಆರು ತಿಂಗಳೊಳಗೆ, 2018ರ ಡಿಸೆಂಬರ್‌ನಲ್ಲಿ, ಅಡಿಡಾಸ್ ಕಂಪನಿ ಯುವೆಂಟಸ್ ಜೊತೆಗಿನ ಒಪ್ಪಂದವನ್ನು 2027ರವರೆಗೆ ಹೊಸದಾಗಿ ಬರೆಯಿತು. ಎಂಟು ವರ್ಷಕ್ಕೆ ಕನಿಷ್ಠ 40.8 ಕೋಟಿ ಯುರೋ. ತಾರೆ ಹೊರಟುಹೋದ ಮೇಲೂ ಆ ದುಡ್ಡು ಬರುತ್ತಲೇ ಇತ್ತು.

ಇನ್ನೊಂದು ಕಡೆಯ ಲೆಕ್ಕವೂ ಇದೆ. ಆಟಗಾರನಿಗೆ ಕೊಟ್ಟ ಬೆಲೆಯನ್ನು ಕ್ಲಬ್‌ಗಳು ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತವೆ. 11.2 ಕೋಟಿಯನ್ನು ನಾಲ್ಕಕ್ಕೆ ಹಂಚಿದರೆ ವರ್ಷಕ್ಕೆ 2.8 ಕೋಟಿ. ಇದರ ಮೇಲೆ ಸಂಬಳ ಬೇರೆ. ಮೂರು ವರ್ಷದ ಬಳಿಕ ಮ್ಯಾಂಚೆಸ್ಟರ್ ಯುನೈಟೆಡ್ ಅವರನ್ನು ಸುಮಾರು 1.5 ಕೋಟಿಗೆ ಕೊಂಡಿತು. ಅದೇ ಯುವೆಂಟಸ್ 2019ರಲ್ಲಿ 19 ವರ್ಷದ ಡಿಫೆಂಡರ್ ಮಥೈಸ್ ಡಿ ಲಿಗ್ಟ್ ಅವರಿಗೆ 7.5 ಕೋಟಿ ಕೊಟ್ಟಿತು. 2022ರಲ್ಲಿ ಬಯರ್ನ್ ಮ್ಯೂನಿಕ್‌ಗೆ 6.7 ಕೋಟಿಗೆ ಮಾರಿತು. ಡಿ ಲಿಗ್ಟ್ ಅಲ್ಲಿ ಅಂಥ ಅದ್ಭುತವನ್ನೇನೂ ಮಾಡಿರಲಿಲ್ಲ. ವಯಸ್ಸು ಚಿಕ್ಕದು, ಅಷ್ಟೇ. ಒಂದೇ ಕ್ಲಬ್ಬು, ಹೆಚ್ಚುಕಡಿಮೆ ಅದೇ ವರ್ಷಗಳು. ಈ ಎರಡು ವ್ಯಾಪಾರಗಳನ್ನು ಪಕ್ಕಪಕ್ಕ ಇಟ್ಟರೆ ವಯಸ್ಸಿನ ಬೆಲೆ ಎಷ್ಟು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಎರಡನೇ ಜಾಗ, ನಿಮ್ಮ ಕೊನೆಯ ಸಾಲು. “ಒಟ್ಟಿನಲ್ಲಿ ವಯಸ್ಸಾದ ತಾರೆಗೆ ಇಷ್ಟು ಹಣ ಸುರಿಯುವುದು ಸರಿಯೋ ತಪ್ಪೋ ಎಂಬುದಕ್ಕೆ ಕಾಲವೇ ಉತ್ತರಿಸಲಿದೆ.”

ಕಾಲ ಉತ್ತರಿಸಿ ಆಗಿದೆ. 2021ರ ಆಗಸ್ಟ್‌ನಲ್ಲೇ ಆ ಕಥೆ ಮುಗಿದಿದೆ. ಎಲ್ಲ ಅಂಕಿಯೂ ಮುಂದಿದೆ. ನೀವು ತಲೆಬರಹದಲ್ಲಿ ಒಂದು ಪ್ರಶ್ನೆ ಕೇಳಿದಿರಿ. ಓದುಗ ಅದನ್ನು ನಂಬಿ ಕೊನೆಯವರೆಗೂ ಬಂದ. ಅವನಿಗೆ ಉತ್ತರ ಕೊಡಬೇಕಾದವರು ನೀವು. ತಪ್ಪು ಹೇಳಿದರೆ ನಾಲ್ಕು ಜನ ಬೈಯಬಹುದು. ಬೈಯಲಿ. ಏನೂ ಹೇಳದಿದ್ದರೆ ಯಾರೂ ಬೈಯುವುದಿಲ್ಲ, ಯಾರೂ ನೆನಪಿಟ್ಟುಕೊಳ್ಳುವುದೂ ಇಲ್ಲ. ಆ ಡೆಸ್ಕ್ ಮುಖ್ಯಸ್ಥರು ನಮ್ಮ ಬರಹಗಳ ಕೊನೆಯ ಪ್ಯಾರಾವನ್ನೇ ಮೊದಲು ಓದುತ್ತಿದ್ದರು. ಅಲ್ಲಿ ‘ಕಾದು ನೋಡಬೇಕಿದೆ’ ಅಂತ ಕಂಡರೆ ಉಳಿದದ್ದನ್ನು ಓದದೆ ವಾಪಸ್ ಕೊಡುತ್ತಿದ್ದರು. ಆಗ ಅದು ತುಂಬಾ ನಿಷ್ಠುರ ಅನ್ನಿಸುತ್ತಿತ್ತು. ಈಗ ನಾನೂ ಹಾಗೇ ಮಾಡುತ್ತೇನೆ.

ನಿಮಗೆ ನಿಲುವು ತಗೊಳ್ಳಿ ಅಂದ ಮೇಲೆ ನನ್ನದನ್ನೂ ಹೇಳಬೇಕು. ಯುವೆಂಟಸ್ ಮಾಡಿದ್ದು ತಪ್ಪು. 33 ದಾಟಿದವರಿಗೆ ದುಡ್ಡು ಕೊಟ್ಟದ್ದಕ್ಕಲ್ಲ. 95 ಪಾಯಿಂಟ್ ಗಳಿಸುತ್ತಿದ್ದ, ಎಲ್ಲರೂ ಸೇರಿ ಆಡುತ್ತಿದ್ದ ತಂಡವನ್ನು ಒಬ್ಬರ ಸುತ್ತ ಮತ್ತೆ ಕಟ್ಟಲು ಹೋದದ್ದಕ್ಕೆ. ಅಲೆಗ್ರಿ, ಸಾರಿ, ಪಿರ್ಲೊ, ಹೀಗೆ ಮೂರು ವರ್ಷಕ್ಕೆ ಮೂವರು ಕೋಚ್‌ಗಳಾದರು. ಮೂವರಿಗೂ ಅದು ಒಗ್ಗಲಿಲ್ಲ.

ಇಟಲಿಯದೇ ಇನ್ನೊಂದು ಕ್ಲಬ್ ರೋಮಾ ಮಾಡಿದ್ದು ಮಾತ್ರ ಸರಿ. ಇದು ನಿಮ್ಮ ಲೇಖನದಲ್ಲಿ ಒಂದೇ ಸಾಲು: “ಹಿಂದೆ ಬಟಿಸ್ಟುಟಾ ಕೂಡ ರೋಮಾಗೆ ಹೋಗಿದ್ದರು.” ಇಷ್ಟಕ್ಕೇ ಬಿಡುವ ಕಥೆಯೇ ಅದು! 2000ದಲ್ಲಿ ರೋಮಾ ಲೀಗ್ ಗೆದ್ದು 17 ವರ್ಷವಾಗಿತ್ತು. ಅದೇ ಊರಿನ ಲಾಜಿಯೊ ಆಗಷ್ಟೇ ಚಾಂಪಿಯನ್ ಆಗಿತ್ತು. ಕೋಚ್ ಫಾಬಿಯೊ ಕಪೆಲ್ಲೊ. ತಂಡದಲ್ಲಿ 23 ವರ್ಷದ ಟೋಟಿ ಇದ್ದರು. ಕೊರತೆ ಇದ್ದದ್ದು ಗೋಲು ಮುಗಿಸುವವನದ್ದು. 31 ವರ್ಷದ ಸ್ಟ್ರೈಕರ್ ಬಟಿಸ್ಟುಟಾಗೆ 7,000 ಕೋಟಿ ಲೀರಾ ಕೊಟ್ಟರು, ಯುರೋ ಲೆಕ್ಕದಲ್ಲಿ ಸುಮಾರು 3.6 ಕೋಟಿ. ಆ ವಯಸ್ಸಿನವರಿಗೆ ಅಷ್ಟು ದುಡ್ಡನ್ನು ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ. ಅವರು ಲೀಗ್‌ನಲ್ಲಿ 20 ಗೋಲು ಹೊಡೆದರು. ತಮ್ಮ ಹಳೆಯ ಕ್ಲಬ್ ಫಿಯೊರೆಂಟಿನಾ ಎದುರು ಗೆಲುವಿನ ಗೋಲು ಹೊಡೆದು ಕಣ್ಣೀರು ಹಾಕಿದರು. 2001ರ ಜೂನ್ 17ರಂದು ಪಾರ್ಮಾ ಎದುರು ಟೋಟಿ, ಮಾಂಟೆಲ್ಲಾ, ಬಟಿಸ್ಟುಟಾ ಮೂವರೂ ಗೋಲು ಹೊಡೆದರು. ರೋಮಾ ಚಾಂಪಿಯನ್ ಆಯಿತು. ಮುಂದಿನ ವರ್ಷ ಬಟಿಸ್ಟುಟಾ ಲೀಗ್‌ನಲ್ಲಿ ಹೊಡೆದದ್ದು ಆರೇ ಗೋಲು. ಆದರೂ ಆ ವ್ಯಾಪಾರ ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಬೇಕಾದದ್ದು ಬೇಕಾದ ವರ್ಷವೇ ಸಿಕ್ಕಿತು, ಅಲ್ವಾ? ಬಾರ್ಸಿಲೋನಾ 2022ರಲ್ಲಿ 33 ದಾಟಿದ ಲೆವಾಂಡೊವ್‌ಸ್ಕಿ ಅವರಿಗೆ 4.5 ಕೋಟಿ ಯುರೋ ಕೊಟ್ಟು, ಅದೇ ಸೀಸನ್‌ನಲ್ಲಿ ಲೀಗ್ ಗೆದ್ದದ್ದನ್ನೂ ಈ ಜೊತೆಗೇ ಇಡಬಹುದು.

ಹಾಗಾಗಿ ರೋಮಾಗೆ ಎರಡು ಪ್ಯಾರಾ ಕೊಡಿ. ಹೊಳೆಯ ಸಾಲು, ಅದೃಷ್ಟದ ಸಾಲು, ಸೂರ್ಯ-ಕಾಲು-ಹೂವಿನ ಮಾತುಗಳು, ಜೆರ್ಸಿ ಸಾಲು, ಕೊನೆಯ ಸಾಲು ತೆಗೆಯಿರಿ. ಉಳಿದ ಭಾಗವನ್ನು ನಾನು ಮುಟ್ಟುವುದಿಲ್ಲ, ಅದು ಇದ್ದ ಹಾಗೇ ಇರಲಿ.

ನನ್ನ ಮಾತನ್ನು ಒಪ್ಪಲೇಬೇಕು ಅಂತಿಲ್ಲ. ಯುವೆಂಟಸ್ ಮಾಡಿದ್ದೇ ಸರಿ ಅಂತ ವಾದಿಸಿದರೂ, ವಾದ ಗಟ್ಟಿಯಿದ್ದರೆ ಖುಷಿಯಿಂದ ಹಾಕುತ್ತೇನೆ. ಅದಕ್ಕೆ ಬೇಕಾದ ಅಂಕಿಯನ್ನು ನಾನೇ ಕೊಡುತ್ತೇನೆ. ರೊನಾಲ್ಡೊ ಹೋದ ಮೇಲೆ, 2021-22ರ ಲೀಗ್‌ನಲ್ಲಿ, ಯುವೆಂಟಸ್ ಹೊಡೆದದ್ದು ಬರೀ 57 ಗೋಲು. ಅಂದರೆ ತಂಡದ ತೊಂದರೆ ಅವರೊಬ್ಬರದ್ದಲ್ಲ ಅಂತ ನೀವು ಹೇಳಬಹುದು. ಆದರೆ ಅವರು ಸೇರಿದ ಮ್ಯಾಂಚೆಸ್ಟರ್ ಯುನೈಟೆಡ್ ಹಿಂದಿನ ಸೀಸನ್‌ನಲ್ಲಿ 73 ಗೋಲು ಹೊಡೆದು ಎರಡನೇ ಸ್ಥಾನದಲ್ಲಿತ್ತು. ಅವರು 18 ಗೋಲು ಹೊಡೆದ ಆ ವರ್ಷ ಅದೂ 57 ಗೋಲಿಗೆ ಇಳಿದು ಆರನೇ ಸ್ಥಾನಕ್ಕೆ ಬಿತ್ತು. ಈ ಎರಡು 57ಗಳನ್ನು ನೀವು ಹೇಗೆ ವಿವರಿಸುತ್ತೀರಿ ಅಂತ ತಿಳಿಯುವ ಆಸೆ ನನಗೆ ನಿಜಕ್ಕೂ ಇದೆ. ಅಲ್ಲಿಂದಲೇ ಶುರುಮಾಡಿ ಬರೆದು ಕಳಿಸಿ.