ಹಿಟ್ಟು ತಿಗಣೆಗಿಂತ ಮೊದಲು ಇರುವೆ ಓಡಿಸಿ

ಪ್ರಶ್ನೆ: ಅಕ್ಕಾ, ನಮ್ಮ ಮಹಡಿ ಮೇಲೆ ಐದು ದಾಸವಾಳದ ಕುಂಡಗಳಿವೆ. ಒಂದು ತಿಂಗಳಿಂದ ಮೊಗ್ಗಿನ ಬುಡ, ಚಿಗುರಿನ ಸಂದಿಯಲ್ಲೆಲ್ಲ ಹತ್ತಿ ಅಂಟಿಸಿದ ಹಾಗೆ ಬಿಳಿ ಹುಳು. ಮೊಗ್ಗು ಅರಳುವ ಮೊದಲೇ ಉದುರುತ್ತಿದೆ. ಬೇವಿನೆಣ್ಣೆ ಹೊಡೆದರೆ ವಾರದಲ್ಲಿ ಮತ್ತೆ ಅಷ್ಟೇ. ದೇವರಿಗೆ ಇಡುವ ಹೂವು, ವಿಷ ಹೊಡೆಯಲು ಮನಸ್ಸಿಲ್ಲ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇದು ಹಿಟ್ಟು ತಿಗಣೆ. ಬೇವಿನೆಣ್ಣೆ ಸರಿಯಾದ ಮದ್ದೇ. ಆದರೆ ಗಿಡದ ಮೇಲೆ ಇರುವೆ ಸಾಲು ಇದೆಯಾ ಅಂತ ನೀವು ಬರೆದಿಲ್ಲ. ಹೋಗಿ ನೋಡಿ, ಇದ್ದೇ ಇರುತ್ತದೆ. ತಿಗಣೆ ರಸ ಹೀರಿ ಸಿಹಿ ಅಂಟು ಬಿಡುತ್ತದೆ, ಇರುವೆಗೆ ಅದೇ ಊಟ, ಅದಕ್ಕೇ ಅದು ತಿಗಣೆಗೆ ಕಾವಲು ನಿಂತು, ತಿನ್ನಲು ಬಂದ ಹುಳುಗಳನ್ನು ಓಡಿಸಿ, ಮರಿಗಳನ್ನು ಪಕ್ಕದ ಗಿಡಕ್ಕೂ ಹೊತ್ತೊಯ್ಯುತ್ತದೆ. ಅಗಲ ತಟ್ಟೆಯಲ್ಲಿ ನೀರು ತುಂಬಿ, ನಡುವೆ ಇಟ್ಟಿಗೆ ಇಟ್ಟು, ಅದರ ಮೇಲೆ ಕುಂಡ ಇಡಿ. ರೆಂಬೆ ಗೋಡೆಗೆ ತಾಗಬಾರದು, ತಾಗಿದರೆ ಇರುವೆಗೆ ಅದೇ ಸೇತುವೆ. ಮೂರು ದಿನಕ್ಕೊಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ.

ಜಾಸ್ತಿ ಹುಳು ಹಿಡಿದ ಚಿಗುರು ಕತ್ತರಿಸಿ, ಕವರಿನಲ್ಲಿ ಕಟ್ಟಿ ಎಸೆಯಿರಿ, ಗೊಬ್ಬರದ ಗುಂಡಿಗೆ ಬೇಡ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಬಿಡಿ. ಅರ್ಧ ಹುಳು ಅಲ್ಲೇ ಬೀಳುತ್ತದೆ.

ಈಗ ಎಣ್ಣೆ. ಒಂದು ಲೀಟರ್ ನೀರಿಗೆ 5 ಮಿ.ಲೀ. ಸಾಕು. ಅದನ್ನು ಸೀದಾ ನೀರಿಗೆ ಸುರಿದರೆ ಮೇಲೆ ತೇಲುತ್ತದೆ, ಮೊದಲು ಬರೀ ನೀರು ಬಂದು ಕೊನೆಗೆ ಬರೀ ಎಣ್ಣೆ ಬರುತ್ತದೆ. ಎಣ್ಣೆಗೆ ನಾಲ್ಕು ಹನಿ ಸೋಪಿನ ದ್ರವ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ನೀರು ಬೆರೆಸಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಈ ರಗಳೆ ಬೇಡ ಅಂದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಬೇವಿನ ಸೋಪು ಸಿಕ್ಕರೆ ತನ್ನಿ. ಹೊಡೆಯುವುದು ಸಂಜೆಗೆ, ಎಲೆಯ ಅಡಿಗೂ. ಒಮ್ಮೆ ನಾನು ಮಟಮಟ ಮಧ್ಯಾಹ್ನ ಹೊಡೆದು ಎಲೆಗಳ ಅಂಚೆಲ್ಲ ಸುಟ್ಟುಕೊಂಡಿದ್ದೇನೆ. ಆ ಹತ್ತಿಯೊಳಗಿನ ಮೊಟ್ಟೆಗೆ ಮದ್ದು ತಾಗುವುದಿಲ್ಲ, ಅದು ಒಡೆದು ಮರಿ ಬಂದಾಗಲೇ ಹೊಡೆಯಬೇಕು. ಹಾಗಾಗಿ ವಾರಕ್ಕೊಮ್ಮೆ, ನಾಲ್ಕು ವಾರ ಬಿಡದೆ ಹೊಡೆಯಿರಿ.

ಹೊಡೆಯುವ ಮೊದಲು ಒಂದು ಕೆಲಸ ಮಾಡಿ. ತಿಗಣೆಗಳ ನಡುವೆ ಎರಡು ಮೂರು ಪಟ್ಟು ದೊಡ್ಡದಾದ, ಮೈತುಂಬ ಬಿಳಿ ಜೂಲು ಇಳಿಬಿಟ್ಟ ಹುಳು ಕಂಡರೆ ಕಡ್ಡಿಯಿಂದ ಮುಟ್ಟಿ. ಸರಸರ ಓಡಿತಾ? ಹಾಗಿದ್ದರೆ ಅದು ತಿಗಣೆಯಲ್ಲ, ತಿಗಣೆ ತಿನ್ನುವ ಗುಲಗಂಜಿ ಹುಳುವಿನ ಮರಿ. ಕ್ರಿಪ್ಟೊಲೇಮಸ್ ಅಂತ ಹೆಸರು. 1898ರಲ್ಲಿ ಆಸ್ಟ್ರೇಲಿಯಾದಿಂದ ತಂದು ಬಿಟ್ಟದ್ದು, ಈಗ ನಮ್ಮದೇ ಆಗಿಬಿಟ್ಟಿದೆ. ದೊಡ್ಡ ತಿಗಣೆ ಅಂದುಕೊಂಡು ನಾನು ಇವನ್ನು ಎಷ್ಟು ಹೊಸಕಿದ್ದೇನೋ! ಇವು ಕಂಡ ಕುಂಡಕ್ಕೆ ಏನೂ ಹೊಡೆಯಬೇಡಿ, ಇರುವೆ ಮಾತ್ರ ತಡೆಯಿರಿ.

ಪ್ರಶ್ನೆ: ಹಾಲ್‌ನಲ್ಲಿಟ್ಟ ಮನಿ ಪ್ಲಾಂಟಿನ ಮಣ್ಣಿನಿಂದ ಸಣ್ಣ ಕಪ್ಪು ನೊಣ ಏಳುತ್ತವೆ, ಟೀ ಲೋಟಕ್ಕೂ ಬೀಳುತ್ತವೆ. ಏನು ಮಾಡಲಿ?
– ಗೃಹಿಣಿ, ಬೆಂಗಳೂರು

ಉತ್ತರ: ನೀರು ಜಾಸ್ತಿ ಹಾಕ್ತಿದ್ದೀರಿ, ಅಲ್ವಾ? ಅವುಗಳ ಮರಿ ಬೆಳೆಯುವುದು ಒದ್ದೆ ಮೇಲ್ಮಣ್ಣಿನಲ್ಲಿ. ಬೆರಳು ಚುಚ್ಚಿ ನೋಡಿ, ಒಂದು ಅಂಗುಲ ಒಣಗಿದ ಮೇಲಷ್ಟೇ ನೀರು. ಮೇಲೆ ಟೀ ಚರಟ ಸುರಿದಿದ್ದರೆ ತೆಗೆಯಿರಿ. ಹಳದಿ ರಟ್ಟಿಗೆ ಹರಳೆಣ್ಣೆ ಸವರಿ ಕುಂಡದಲ್ಲಿ ಸಿಕ್ಕಿಸಿದರೆ ಹಾರುವವು ಅಲ್ಲೇ ಅಂಟಿಕೊಳ್ಳುತ್ತವೆ.