ಊರಂಗಳದಲ್ಲಿ ವಂಗಾರಿ ಮಾಥಾಯ್ ಚಿತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೀನ್ಯಾದ ವಂಗಾರಿ ಮಾಥಾಯ್ ಕುರಿತ ‘ಟೇಕಿಂಗ್ ರೂಟ್’ ಸಾಕ್ಷ್ಯಚಿತ್ರವನ್ನು ನಮ್ಮ ಸ್ತ್ರೀಶಕ್ತಿ ಸಂಘದ 60 ಮಂದಿಗೆ ಶಾಲೆಯ ಅಂಗಳದಲ್ಲಿ ತೋರಿಸುವ ಆಸೆ. ಹೆಚ್ಚಿನವರಿಗೆ ಇಂಗ್ಲಿಷ್ ಬಾರದು. ಹೇಗೆ ಮಾಡುವುದು?
– ಸಂಘದ ಸದಸ್ಯೆ, ಸಿದ್ದಾಪುರ

ಉತ್ತರ: ಲೀಸಾ ಮರ್ಟನ್ ಮತ್ತು ಆಲನ್ ಡೇಟರ್ 2008ರಲ್ಲಿ ಮಾಡಿದ ಚಿತ್ರವಿದು, ಸುಮಾರು 80 ನಿಮಿಷ. ಸೌದೆಗೆ ದೂರ ನಡೆಯಬೇಕು, ತೊರೆ ಬತ್ತುತ್ತಿದೆ ಎಂಬ ಹೆಂಗಸರ ತಾಪತ್ರಯ ಕಂಡು ಮಾಥಾಯ್ 1977ರಲ್ಲಿ ಶುರು ಮಾಡಿದ, ಗಿಡ ನೆಡುವ ಗ್ರೀನ್ ಬೆಲ್ಟ್ ಚಳವಳಿ ಕೊನೆಗೆ ಸರ್ಕಾರವನ್ನೇ ಎದುರು ಹಾಕಿಕೊಂಡ ಕಥೆ. ಆ ಚಳವಳಿಯಲ್ಲಿ ಹೆಂಗಸರಿಗೆ ಸಣ್ಣ ಮೊತ್ತ ಸಿಗುತ್ತಿದ್ದದ್ದು ನೆಟ್ಟ ಸಸಿಗಲ್ಲ, ಬದುಕುಳಿದ ಸಸಿಗೆ. (ನಮ್ಮ ವನಮಹೋತ್ಸವದ ಲೆಕ್ಕ ಬಹುತೇಕ ನೆಟ್ಟಲ್ಲಿಗೇ ಮುಗಿಯುತ್ತದೆ!) ಚಿತ್ರ ಮುಗಿದ ಮೇಲಿನ ಚರ್ಚೆಯನ್ನು ಇಲ್ಲಿಂದಲೇ ಎತ್ತಿಕೊಳ್ಳಿ.

ಮೊದಲು ಅನುಮತಿ. ಡಿವಿಡಿ ಕೊಂಡ ಮಾತ್ರಕ್ಕೆ ಸಾರ್ವಜನಿಕವಾಗಿ ತೋರಿಸುವ ಹಕ್ಕು ಬರುವುದಿಲ್ಲ. ದಿನಾಂಕ, ಸ್ಥಳ, ಎಷ್ಟು ಜನ, ಟಿಕೆಟ್ ಇಲ್ಲ ಎಂಬುದನ್ನು ಬರೆದು ವಿತರಕರಿಗೆ ಇಮೇಲ್ ಮಾಡಿ. ಕನ್ನಡ ಸಬ್‌ಟೈಟಲ್ ಹಾಕಲು ಬೇರೆಯದೇ ಒಪ್ಪಿಗೆ ಬೇಕು. ಅದನ್ನೂ ಅದೇ ಪತ್ರದಲ್ಲಿ ಕೇಳಿ.

ಸಬ್‌ಟೈಟಲ್ ಕೈಕೊಡುವುದು ಅಕ್ಷರದಲ್ಲಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಿ, ಫೈಲ್ ಉಳಿಸುವಾಗ ‘ಯುಟಿಎಫ್-8’ ಎಂಬ ಆಯ್ಕೆ ಒತ್ತಿ. ಪ್ರೊಜೆಕ್ಟರ್‌ಗೆ ನೇರ ಪೆನ್‌ಡ್ರೈವ್ ಚುಚ್ಚಿದರೆ ಒತ್ತಕ್ಷರ ಒಡೆಯುವುದು ಸಾಮಾನ್ಯ, ಲ್ಯಾಪ್‌ಟಾಪ್‌ನಿಂದಲೇ ಓಡಿಸಿ. ಒಮ್ಮೆಗೆ ಎರಡು ಸಾಲಿಗಿಂತ ಹೆಚ್ಚು ಬೇಡ. ಓದಲು ಬಾರದ ಅಜ್ಜಿಯಂದಿರು ಇದ್ದರೆ ಸಬ್‌ಟೈಟಲ್ ಗೊಡವೆಯೇ ಬೇಡ: ಚೆನ್ನಾಗಿ ಮಾತಾಡುವವರೊಬ್ಬರು ಚಿತ್ರವನ್ನು ಮೊದಲೇ ಎರಡು ಸಲ ನೋಡಿಕೊಂಡು, ಚಿತ್ರದ ದನಿ ತಗ್ಗಿಸಿ, ಮೈಕಿನಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋಗಲಿ. ಹಳ್ಳಿಯಲ್ಲಿ ಇದೇ ಹೆಚ್ಚು ಫಲ ಕೊಡುತ್ತದೆ.

ಎಂಟಡಿ ಅಗಲದ ಪರದೆಗೆ 3000 ಲ್ಯೂಮೆನ್ಸ್ (ಬೆಳಕಿನ ಅಳತೆ) ಪ್ರೊಜೆಕ್ಟರ್ ಸಾಕು, ಆದರೆ ಪೂರ್ತಿ ಕತ್ತಲಾದ ಮೇಲೆ. ಅದರೊಳಗಿನ ಸ್ಪೀಕರ್ ಬಯಲಲ್ಲಿ ಎರಡನೇ ಸಾಲಿಗೂ ಮುಟ್ಟದು. ಬೇರೆ ಸ್ಪೀಕರನ್ನು ಪರದೆಯ ಪಕ್ಕ ಇಡಿ, ಜನರ ಹಿಂದಲ್ಲ. ಯುಪಿಎಸ್ ಮರೆಯಬೇಡಿ. ಲ್ಯಾಂಪ್ ಕಾದಿರುವಾಗ ಕರೆಂಟು ಹೋದರೆ ಫ್ಯಾನ್ ನಿಂತು, ಲ್ಯಾಂಪಿನ ಆಯುಸ್ಸು ಕುಗ್ಗುತ್ತದೆ.

ಪ್ರಶ್ನೆ: ನಮ್ಮೂರ ನರ್ಸರಿ ನಡೆಸುವ ಮಹಿಳೆಯರ ಬಗ್ಗೆ ಮೊಬೈಲಿನಲ್ಲಿ ಚಿತ್ರ ಮಾಡುತ್ತಿದ್ದೇವೆ. ಮಾತು ಕೇಳಿಸುವುದಿಲ್ಲ, ಒಳಗೆ ತೆಗೆದ ದೃಶ್ಯ ಮಿಣುಕುತ್ತದೆ.
– ಕಾಲೇಜು ವಿದ್ಯಾರ್ಥಿ, ಅಂಕೋಲಾ

ಉತ್ತರ: ಮಿಣುಕುವುದು ಟ್ಯೂಬ್‌ಲೈಟಿನಿಂದ. ನಮ್ಮ ವಿದ್ಯುತ್ 50 ಹರ್ಟ್ಸ್. ಅದಕ್ಕೆ ಹೊಂದುವಂತೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡು ಇಡಿ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ, ಸೆರಗು ಉಜ್ಜದ ಕಡೆ ಸಿಕ್ಕಿಸಿ, ತುಪ್ಪಳದ ಗಾಳಿತಡೆ ಹಾಕಿ. ಮಾತು ಮುಗಿದ ಮೇಲೆ ಅದೇ ಜಾಗದ ಶಬ್ದವನ್ನು ಅರ್ಧ ನಿಮಿಷ ಬೇರೆಯಾಗಿ ಹಿಡಿದಿಟ್ಟರೆ ಸಂಕಲನದ ಜೋಡು ಗೊತ್ತಾಗದು.

ಚಿತ್ರದಲ್ಲಿ ಸನ್ಮಾನ, ಶಾಲು, ಹಾರದ ದೃಶ್ಯ ಕಡಿಮೆ ಮಾಡಿ. ನಿಮ್ಮ ತಾಲ್ಲೂಕಿನವರೇ ಆದ ತುಳಸಿ ಗೌಡರು ಹೆಸರಾದದ್ದು ಬೀಜ, ಸಸಿಗಳ ತಿಳಿವಳಿಕೆಯಿಂದ. ಬೀಜ ಆಯುವ, ಮಣ್ಣು ಕಲಸುವ ಕೈಗಳನ್ನು ಹತ್ತಿರದಿಂದ, ಪ್ರತಿ ಶಾಟ್ ಕನಿಷ್ಠ ಹತ್ತು ಸೆಕೆಂಡು ತೆಗೆಯಿರಿ.

ಪ್ರಶ್ನೆ: ಮೇಧಾ ಪಾಟ್ಕರ್ ಹೋರಾಟದ ಹಳೆಯ ಸಾಕ್ಷ್ಯಚಿತ್ರ ಯಾವುದು?
– ಓದುಗರು, ಧಾರವಾಡ

ಉತ್ತರ: ಆನಂದ್ ಪಟವರ್ಧನ್, ಸಿಮಂತಿನಿ ಧುರು ಅವರ ‘ಎ ನರ್ಮದಾ ಡೈರಿ’, 1995. ಸುಮಾರು ಒಂದು ಗಂಟೆ.